ಠಾಣೆ ಕೆಡವುವ ಮೊದಲು ವಾಹನಕ್ಕೊಂದು ನೆಲೆ

ಸರ್ಕಾರಿ ಕಚೇರಿಯ ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವಾಗ ಕೆಲಕಾಲ ಬೇರೆಡೆ ಕೆಲಸ ಮಾಡುವುದು ನಮ್ಮ ಆಡಳಿತಕ್ಕೆ ಹೊಸ ಸಂಗತಿಯೇನಲ್ಲ. 2018ರಲ್ಲಿ ಮಸ್ಕಿಯೂ ಸೇರಿದಂತೆ ರಾಜ್ಯದಲ್ಲಿ ಹೊಸ ತಾಲ್ಲೂಕುಗಳು ಅಸ್ತಿತ್ವಕ್ಕೆ ಬಂದಾಗ ಅನೇಕ ಕಡೆ ತಹಶೀಲ್ದಾರರು ಇನ್ನೊಂದು ಇಲಾಖೆಯ ಕೊಠಡಿಯಲ್ಲಿ ಮೇಜು ಹಾಕಿಕೊಂಡೇ ಕೆಲಸ ಆರಂಭಿಸಿದರು. ಜನರಿಗೆ ಅನನುಕೂಲವಾಯಿತು, ಆದರೆ ಕೆಲಸ ನಿಲ್ಲಲಿಲ್ಲ. ಇಂದು ಸಿಗದ ಪಹಣಿ ನಾಳೆ ಸಿಗುತ್ತದೆ. ಕಡತಕ್ಕೆ ಕಾಯುವ ಗುಣವಿದೆ. ಅಗ್ನಿಶಾಮಕ ಠಾಣೆಯ ವಿಚಾರ ಹಾಗಲ್ಲ. ಅದು ಕೊಡುವ ಸೇವೆಯೆಂದರೆ ಸಮಯವೇ. ಠಾಣೆ ಮೂರು ಕಿಲೋಮೀಟರ್ ದೂರ ಸರಿದರೆ ಸೇವೆ ಅಷ್ಟರಮಟ್ಟಿಗೆ ಕಡಿಮೆಯಾಯಿತೆಂದೇ ಅರ್ಥ.

ಈ ಮಾತನ್ನು ಎತ್ತಲು ಕಾರಣವಿದೆ. 15ನೇ ಹಣಕಾಸು ಆಯೋಗದ ಶಿಫಾರಸಿನಂತೆ ರಾಜ್ಯಗಳ ಅಗ್ನಿಶಾಮಕ ಸೇವೆಗಳ ವಿಸ್ತರಣೆ ಮತ್ತು ಆಧುನೀಕರಣಕ್ಕಾಗಿ 2021–26ರ ಅವಧಿಗೆ 5,000 ಕೋಟಿ ರೂಪಾಯಿಗಳ ಯೋಜನೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಜಾರಿಗೆ ತಂದಿತು. ನಮ್ಮಂಥ ರಾಜ್ಯಗಳಲ್ಲಿ ವೆಚ್ಚದ ಶೇ 75ರಷ್ಟನ್ನು ಕೇಂದ್ರವೂ ಶೇ 25ರಷ್ಟನ್ನು ರಾಜ್ಯವೂ ಭರಿಸುವ ಏರ್ಪಾಡು ಅದು. ಸಂವಿಧಾನದ 371 (ಜೆ) ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಬೇರೆ ಇದೆ. ಕಟ್ಟಡಗಳಿಗೆ ಹಣ ಹುಟ್ಟಿಸುವ ದಾರಿಗಳು ಹಿಂದಿಗಿಂತ ಹೆಚ್ಚಾಗಿವೆ ಎಂಬುದು ಸಂತೋಷದ ವಿಷಯವೇ. ಆದರೆ ಹಳೆಯದು ಬಿದ್ದು ಹೊಸದು ಏಳುವ ನಡುವಣ ಹದಿನೆಂಟು ಇಪ್ಪತ್ತು ತಿಂಗಳುಗಳಿಗೆ ಅಂದಾಜುಪಟ್ಟಿಯಲ್ಲಿ ಜಾಗವಿರುವುದು ಅಪರೂಪ. ‘ತಾತ್ಕಾಲಿಕ ವ್ಯವಸ್ಥೆಯನ್ನು ಸ್ಥಳೀಯವಾಗಿ ಮಾಡಿಕೊಳ್ಳತಕ್ಕದ್ದು’ ಎಂಬ ಒಂದು ಸಾಲಿನಲ್ಲಿ ಅದು ಮುಗಿದುಹೋಗುತ್ತದೆ. ಅಂಥ ಸಾಲುಗಳನ್ನು ನನ್ನ ಸೇವಾವಧಿಯಲ್ಲಿ ಬೇಕಾದಷ್ಟು ಓದಿದ್ದೇನೆ. ಸ್ಥಳೀಯವಾಗಿ ಎಂದರೆ ಯಾರು ಎಂಬುದನ್ನು ಮಾತ್ರ ಆ ಸಾಲು ಎಂದೂ ಹೇಳುವುದಿಲ್ಲ.

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೂರೂ ಊರುಗಳು ಜೇವರ್ಗಿಯಿಂದ ಚಾಮರಾಜನಗರಕ್ಕೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ಸಿಂಧನೂರಿನಿಂದ ಲಿಂಗಸುಗೂರಿಗೆ ಐವತ್ತು ಕಿಲೋಮೀಟರ್‌ಗಿಂತ ತುಸು ಹೆಚ್ಚು ದೂರ. ಮಸ್ಕಿ ಸುಮಾರಾಗಿ ನಡುವೆ. ಗ್ರಾಮೀಣ ಪ್ರದೇಶದಲ್ಲಿ ಕರೆ ಬಂದ 20 ನಿಮಿಷಗಳಲ್ಲಿ ಮೊದಲ ವಾಹನ ಸ್ಥಳಕ್ಕೆ ತಲುಪಬೇಕೆಂಬುದು ಸ್ಥಾಯಿ ಅಗ್ನಿಶಾಮಕ ಸಲಹಾ ಮಂಡಳಿಯ ಹಳೆಯ ಮಾನದಂಡ. ನೀರು ತುಂಬಿದ ವಾಹನ ನಮ್ಮ ರಸ್ತೆಗಳಲ್ಲಿ ಗಂಟೆಗೆ ಸರಾಸರಿ 40 ಕಿಲೋಮೀಟರ್ ಓಡುತ್ತದೆಂದು ಉದಾರವಾಗಿಯೇ ಇಟ್ಟುಕೊಂಡರೂ 20 ನಿಮಿಷದಲ್ಲಿ ಕ್ರಮಿಸುವುದು 13 ಕಿಲೋಮೀಟರ್. ಅಂದರೆ ಎಲ್ಲ ಠಾಣೆಗಳೂ ತಂತಮ್ಮ ಜಾಗದಲ್ಲಿ ಸರಿಯಾಗಿದ್ದಾಗಲೇ ಈ ಸೀಮೆಯ ಬಹುಪಾಲು ಹಳ್ಳಿಗಳು ಮಾನದಂಡದ ಹೊರಗಿರುತ್ತವೆ. ಒಂದು ಠಾಣೆ ಕಾಮಗಾರಿಯ ನೆಪದಲ್ಲಿ ನಿಷ್ಕ್ರಿಯವಾಗಿ, ಅದರ ಕರೆಗಳನ್ನು ಪಕ್ಕದ ಠಾಣೆ ನೋಡಿಕೊಳ್ಳಲಿ ಎಂದುಬಿಟ್ಟರೆ ಲಿಂಗಸುಗೂರಿನ ವಾಹನ ಸಿಂಧನೂರು ಮುಟ್ಟಲು ಒಂದೂಕಾಲು ಗಂಟೆ ಬೇಕು. ಅಷ್ಟು ಹೊತ್ತಿಗೆ ಆರಿಸಲು ಏನೂ ಉಳಿದಿರುವುದಿಲ್ಲ.

ಇಲ್ಲಿ ಬೆಂಕಿಗೂ ಒಂದು ಹಂಗಾಮು ಇದೆ ಎಂಬುದನ್ನು ಗಮನಿಸಬೇಕು. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ 75,837 ಇತ್ತು. ಊರು ಅಲ್ಲಿಂದೀಚೆಗೆ ಎಲ್ಲ ದಿಕ್ಕಿಗೂ ಬೆಳೆದಿದೆ, 2024ರಲ್ಲಿ ರೈಲೂ ಬಂದಿದೆ. ಅಕ್ಕಿ ಗಿರಣಿಗಳು, ಅವುಗಳ ಹಿಂದೆ ಗುಡ್ಡೆ ಹಾಕಿದ ಹೊಟ್ಟು, ಗೋದಾಮುಗಳಲ್ಲಿ ಗೋಣಿಚೀಲ, ಹಳ್ಳಿಗಳಲ್ಲಿ ಮನೆಗೊಂದರಂತೆ ಹುಲ್ಲಿನ ಬಣವೆ. ಲಿಂಗಸುಗೂರು ಮತ್ತು ಮಸ್ಕಿಯ ಕಡೆ ಹತ್ತಿ, ತೊಗರಿ ಕಟ್ಟಿಗೆ, ಜೋಳದ ಸೊಪ್ಪೆ. ಎರಡನೆಯ ಬೆಳೆಯ ಭತ್ತ ಕಟಾವಾಗುವ ಏಪ್ರಿಲ್, ಮೇ ತಿಂಗಳುಗಳಲ್ಲೇ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿ ಬೀಸುತ್ತದೆ, ಜೋತುಬಿದ್ದ ವಿದ್ಯುತ್ ತಂತಿಗಳು ಒಂದಕ್ಕೊಂದು ತಾಗುತ್ತವೆ. ಅದೇ ಹೊತ್ತಿಗೆ ಕಾಲುವೆಗೆ ನೀರು ಬಿಡುವುದೂ ನಿಲ್ಲುತ್ತದೆ. ಬೆಂಕಿ ಹೆಚ್ಚಿರುವಾಗ ನೀರಿಲ್ಲ. ನೀರು ಬರುವ ಜುಲೈ ವೇಳೆಗೆ ಬೆಂಕಿಯ ಕಾಲ ಮುಗಿದಿರುತ್ತದೆ. ಬಣವೆ ಸುಟ್ಟುಹೋದ ಸಣ್ಣ ರೈತ ವರ್ಷದ ಮೇವು ಕಳೆದುಕೊಂಡು ಎತ್ತುಗಳನ್ನು ಸಂತೆಗೆ ಹೊಡೆಯುತ್ತಾನೆ. ಕಟಾವಾಗಿ ಒಟ್ಟಿದ ಮೇವಿಗೆ ಬೆಳೆವಿಮೆ ಅನ್ವಯವಾಗುವುದಿಲ್ಲ. ಆತನಿಗಿರುವ ಏಕೈಕ ವಿಮೆಯೆಂದರೆ ಸಕಾಲಕ್ಕೆ ಬರುವ ಕೆಂಪು ವಾಹನ.

ಹೀಗಿರುವಾಗ ಹಳೆಯ ಠಾಣೆಯನ್ನು ಯಾವ ತಿಂಗಳಲ್ಲಿ ಕೆಡವಬೇಕು ಎಂಬುದು ಎಂಜಿನಿಯರರ ಪ್ರಶ್ನೆ ಮಾತ್ರವಲ್ಲ. ನಮ್ಮ ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಅನುದಾನ ವ್ಯಪಗತವಾಗಬಾರದೆಂದು ಜನವರಿಯಲ್ಲಿ ಟೆಂಡರ್ ಅಂತಿಮಗೊಳಿಸಿ, ಫೆಬ್ರುವರಿಯಲ್ಲಿ ಕಟ್ಟಡ ಉರುಳಿಸಿ, ಮಾರ್ಚಿನಲ್ಲಿ ಮೊದಲ ಬಿಲ್ಲು ಪಾಸು ಮಾಡುವುದು ಎಲ್ಲ ಇಲಾಖೆಗಳ ರೂಢಿ. ಹದಿನೆಂಟು ತಿಂಗಳ ಕಾಮಗಾರಿ ಫೆಬ್ರುವರಿಯಲ್ಲಿ ಆರಂಭವಾದರೆ ಎರಡು ಬೇಸಿಗೆಗಳನ್ನು ದಾಟಬೇಕು. ಅದೇ ಕಾಮಗಾರಿ ಜೂನ್ ತಿಂಗಳಲ್ಲಿ ಆರಂಭವಾದರೆ ಮರುವರ್ಷದ ಡಿಸೆಂಬರ್‌ಗೆ ಮುಗಿಯುತ್ತದೆ. ನಡುವೆ ಬರುವುದು ಒಂದೇ ಬೇಸಿಗೆ. ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲದೆ ಅಪಾಯದ ಅವಧಿಯನ್ನು ಅರ್ಧಕ್ಕಿಳಿಸುವ ಇಂಥ ಅವಕಾಶ ಅರ್ಥಶಾಸ್ತ್ರದ ಪುಸ್ತಕಗಳಲ್ಲೂ ಸುಲಭವಾಗಿ ಸಿಗುವುದಿಲ್ಲ. ಆದರೂ ಖಜಾನೆಯ ಪಂಚಾಂಗವೇ ಗೆಲ್ಲುತ್ತದೆ.

ತಾತ್ಕಾಲಿಕ ಜಾಗವನ್ನು ಹುಡುಕುವ ಹೊಣೆ ಯಾರದು? 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಹನ್ನೆರಡನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆ ನಗರಾಡಳಿತದ ವಿಷಯಗಳ ಪಟ್ಟಿಯಲ್ಲಿದೆ. ಮುಂಬೈನಲ್ಲಿ ಅಗ್ನಿಶಾಮಕ ದಳ ಮಹಾನಗರ ಪಾಲಿಕೆಯ ಅಂಗ. ಕರ್ನಾಟಕದಲ್ಲಿ 1964ರ ಕಾಯ್ದೆಯ ದಿನಗಳಿಂದಲೂ ಅದು ರಾಜ್ಯದ್ದು, ಗೃಹ ಇಲಾಖೆಯ ಅಡಿಯಲ್ಲಿದೆ. ಅದನ್ನು ನಾನು ತಪ್ಪೆನ್ನುವುದಿಲ್ಲ. ಸಿಬ್ಬಂದಿಯ ಸಂಬಳಕ್ಕೇ ಪರದಾಡುವ ಪುರಸಭೆಗಳ ಕೈಗೆ ಈ ಸೇವೆ ಹೋಗದಿದ್ದುದೇ ಒಳ್ಳೆಯದಾಯಿತು. ಆದರೆ ಅದರ ಪರಿಣಾಮವೊಂದಿದೆ. ಕಟ್ಟುವುದು ಪೊಲೀಸ್ ವಸತಿ ಮತ್ತು ಮೂಲಸೌಲಭ್ಯ ಅಭಿವೃದ್ಧಿ ನಿಗಮ. ಬಾಡಿಗೆ ಎಷ್ಟೆಂದು ದೃಢೀಕರಿಸುವುದು ಲೋಕೋಪಯೋಗಿ ಇಲಾಖೆ. ಸರ್ಕಾರಿ ಜಮೀನು ಇರುವುದು ಕಂದಾಯ ಇಲಾಖೆಯ ಬಳಿ. ಊರೊಳಗಿನ ನಿವೇಶನ, ನಲ್ಲಿ ನೀರು ನಗರಸಭೆಯ ಬಳಿ. ಠಾಣಾಧಿಕಾರಿ ಈ ನಾಲ್ಕೂ ಕಚೇರಿಗಳ ಮುಂದೆ ಅರ್ಜಿದಾರ. ಆತನ ದರ್ಜೆಯ ಅಧಿಕಾರಿಗೆ ಯಾವ ಕಚೇರಿಯಲ್ಲೂ ಮೊದಲ ಕುರ್ಚಿ ಸಿಗುವುದಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ.

ಕೊನೆಗೆ ಏನಾಗುತ್ತದೆ? ಯಾವುದು ಖಾಲಿ ಇದೆಯೋ ಅದು ಸಿಗುತ್ತದೆ. ಬೇರೊಂದು ಜಿಲ್ಲೆಯಲ್ಲಿ ಇಂಥದ್ದೊಂದು ಏರ್ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನೆ. ಊರ ಹೊರಗಿನ ಹಳೆಯ ಗೋದಾಮು. ಏಣಿ ಹೊತ್ತ ವಾಹನ ಅದರ ಕಮಾನಿನಡಿ ನುಸುಳಲಿಲ್ಲ. ಹಗಲು ರಾತ್ರಿ ರಸ್ತೆಯ ಬದಿಯಲ್ಲೇ ನಿಂತಿತು. ನಲ್ಲಿಗೆ ನೀರು ಎರಡು ದಿನಕ್ಕೊಮ್ಮೆ. ಸಿಬ್ಬಂದಿ ಮಲಗುವ ಕೋಣೆಗೂ ವಾಹನಕ್ಕೂ ನಡುವೆ ಹೆದ್ದಾರಿ. ಕಾಗದದಲ್ಲಿ ಮಾತ್ರ ‘ಸೂಕ್ತ ಪರ್ಯಾಯ ವ್ಯವಸ್ಥೆ ಕಲ್ಪಿಸಲಾಗಿದೆ’ ಎಂದಿತ್ತು.

ಖಾಲಿ ಇರುವುದಕ್ಕೂ ಸೂಕ್ತವಾಗಿರುವುದಕ್ಕೂ ಇರುವ ಅಂತರ ಈ ಸೀಮೆಯಲ್ಲಿ ಇನ್ನೂ ಹೆಚ್ಚು. ಮೊದಲನೆಯದಾಗಿ ನೆಲ. ಸಾಮಾನ್ಯವಾಗಿ ನಮ್ಮ ಠಾಣೆಗಳ ವಾಹನ 4,500 ಲೀಟರ್ ನೀರು ಹೊರುತ್ತದೆ. ನೀರಿನ ತೂಕವೇ ನಾಲ್ಕೂವರೆ ಟನ್. ವಾಹನದ್ದೂ ಸೇರಿ ಹತ್ತು ಟನ್ನಿಗೂ ಮೇಲೆ. ಸಿಂಧನೂರಿನ ಸುತ್ತ ಎರೆ ಭೂಮಿ. ಬೇಸಿಗೆಯಲ್ಲಿ ಕಲ್ಲಿನಂತಿರುವ ಎರೆ ಒಂದೇ ಮಳೆಗೆ ಉಬ್ಬಿ ಅಂಟಾಗುತ್ತದೆ. ಅದರ ಮೇಲೆ ನಿಲ್ಲಿಸಿದ ವಾಹನವನ್ನು ಹೊರತೆಗೆಯಲು ಟ್ರ್ಯಾಕ್ಟರ್ ಬೇಕಾದೀತು. ಜೂನ್‌ನಲ್ಲಿ ಸ್ಥಳಾಂತರವೆಂದರೆ ಮೇ ತಿಂಗಳೊಳಗೆ ಮಣ್ಣು ತೆಗೆದು, ಮರಂ ತುಂಬಿ, ರೋಲರ್ ಹೊಡೆದು, ಮೇಲೆ ಕಾಂಕ್ರೀಟ್ ಹಾಕಿ ಮುಗಿದಿರಬೇಕು. ಇದು ಸಣ್ಣ ಖರ್ಚು. ಆದರೆ ‘ತಾತ್ಕಾಲಿಕ ಜಾಗಕ್ಕೆ ಕಾಂಕ್ರೀಟ್ ಏಕೆ’ ಎಂದು ಕೇಳುವ ಲೆಕ್ಕಪರಿಶೋಧಕರು ಯಾವ ಊರಿನಲ್ಲಿಯಾದರೂ ಇರುತ್ತಾರೆ.

ಎರಡನೆಯದು ನೀರು. ಬೆಂಕಿಯ ಮೇಲೆ ಕೊಳವೆ ಹಿಡಿದರೆ 4,500 ಲೀಟರ್ ಹತ್ತು ಹದಿನೈದು ನಿಮಿಷಕ್ಕೆ ಖಾಲಿ. ವಾಹನ ಮರಳಿ ತುಂಬಿಕೊಂಡು ಬರಬೇಕು. ಪಟ್ಟಣದ ಕುಡಿಯುವ ನೀರಿನ ಕೆರೆಗಳೂ ಕಾಲುವೆಯನ್ನೇ ನಂಬಿರುವ ಕಡೆ ಬೇಸಿಗೆಯಲ್ಲಿ ನಗರಸಭೆಯ ಔದಾರ್ಯವನ್ನು ಅವಲಂಬಿಸಲಾಗದು. ತಾತ್ಕಾಲಿಕ ಜಾಗದಲ್ಲಿ ಕೊಳವೆಬಾವಿಯೂ ನೆಲದಡಿಯ ತೊಟ್ಟಿಯೂ, ವಿದ್ಯುತ್ ಇಲ್ಲದಾಗ ಪಂಪ್ ಓಡಿಸಲು ಜನರೇಟರೂ ಇಲ್ಲದಿದ್ದರೆ ಅದು ವಾಹನ ನಿಲ್ಲಿಸುವ ಜಾಗವೇ ಹೊರತು ಠಾಣೆಯಲ್ಲ.

ಇನ್ನು ಜಾಗಗಳು. ಎಲ್ಲರ ಕಣ್ಣು ಮೊದಲು ಬೀಳುವುದು ಸರ್ಕಾರಿ ಶಾಲೆಯ ಮೈದಾನದ ಮೇಲೆ, ಏಕೆಂದರೆ ಮುಖ್ಯೋಪಾಧ್ಯಾಯರು ಜಿಲ್ಲಾಧಿಕಾರಿಗೆ ಇಲ್ಲವೆನ್ನಲಾರರು. ಮಕ್ಕಳು ಓಡಾಡುವ ಗೇಟಿನಿಂದ ಹತ್ತು ಟನ್ನಿನ ವಾಹನ ಗಂಟೆ ಬಾರಿಸುತ್ತಾ ಧಾವಿಸುವುದನ್ನು ಕಲ್ಪಿಸಿಕೊಂಡರೆ ಆ ಪ್ರಸ್ತಾವವನ್ನು ಅಲ್ಲಿಗೇ ಬಿಡಬೇಕು. ಎರಡನೆಯದು ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣ. ಅಗಲವಾದ ಗೇಟು, ಗಟ್ಟಿ ನೆಲ, ಎತ್ತರದ ಶೆಡ್ಡು, ಬೀದಿದೀಪ ಎಲ್ಲವೂ ಉಂಟು. ನಕ್ಷೆಯ ಮೇಲೆ ನೋಡಿದವರಿಗೆ ಇದಕ್ಕಿಂತ ಒಳ್ಳೆಯ ಜಾಗ ಕಾಣದು. ಆದರೆ ಸುಗ್ಗಿಯ ದಿನಗಳಲ್ಲಿ ಸಿಂಧನೂರಿನ ಮಾರುಕಟ್ಟೆಯನ್ನು ಕಂಡವರು ಹಾಗೆನ್ನಲಾರರು. ನೆಲ್ಲು ಹೇರಿದ ಟ್ರ್ಯಾಕ್ಟರ್, ಲಾರಿಗಳ ಸಾಲು ಗೇಟಿನಾಚೆ ರಸ್ತೆಯವರೆಗೆ ಬಂದಿರುತ್ತದೆ. ಬೆಂಕಿಯ ಹಂಗಾಮೂ ಸುಗ್ಗಿಯ ಹಂಗಾಮೂ ಒಂದೇ ಆಗಿರುವಾಗ ಈ ಗೇಟು ವಾಹನಕ್ಕೆ ಬೇಕಾದ ಹೊತ್ತಿಗೆ ತೆರೆದಿರುವುದಿಲ್ಲ. ಪ್ರತ್ಯೇಕ ಗೇಟು ಒಡೆದುಕೊಡುವುದಾದರೆ ಮಾತ್ರ ಇದನ್ನು ಪರಿಗಣಿಸಬಹುದು.

ನನ್ನ ದೃಷ್ಟಿಯಲ್ಲಿ ಇಂಥ ಊರುಗಳಲ್ಲಿ ಹೆಚ್ಚು ಯೋಗ್ಯವಾದುದು ಸಾರಿಗೆ ನಿಗಮದ ಬಸ್ ಡಿಪೊ. ಭಾರದ ವಾಹನ ತಾಳುವ ನೆಲ, ರಾತ್ರಿಯಿಡೀ ಎಚ್ಚರವಿರುವ ಸಿಬ್ಬಂದಿ, ಡೀಸೆಲ್ ಬಂಕು, ದುರಸ್ತಿ ಗುಂಡಿ, ಬಸ್ ತೊಳೆಯಲೆಂದೇ ಇರುವ ನೀರಿನ ವ್ಯವಸ್ಥೆ ಅಲ್ಲಿ ಆಗಲೇ ಇವೆ. ಒಂದು ಮೂಲೆಯನ್ನು ಬೇಲಿ ಹಾಕಿ ಬೇರ್ಪಡಿಸಿ ರಸ್ತೆಗೆ ನೇರ ದಾರಿ ಕೊಟ್ಟರೆ ಸಾಕು. ಸಿಂಧನೂರು, ಲಿಂಗಸುಗೂರು ಎರಡರಲ್ಲೂ ಡಿಪೊಗಳಿವೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಸರ್ಕಾರದ್ದೇ ಆದರೂ ಅದಕ್ಕೂ ಲಾಭ ನಷ್ಟದ ಲೆಕ್ಕವಿದೆ. ಆದ್ದರಿಂದ ಗೃಹ ಇಲಾಖೆ ಬಾಡಿಗೆ ಕೊಡಲೇಬೇಕು. ಒಂದು ಸರ್ಕಾರಿ ಸಂಸ್ಥೆ ಇನ್ನೊಂದರ ಆಸ್ತಿಯನ್ನು ಪುಕ್ಕಟೆ ಬಳಸುವ ಪದ್ಧತಿಯಿಂದಲೇ ಯಾರೂ ಒಳ್ಳೆಯ ಜಾಗ ತೋರಿಸುವುದಿಲ್ಲ. ಎಡದಂಡೆ ಕಾಲುವೆಯ ಕಾಲದಲ್ಲಿ ನೀರಾವರಿ ಇಲಾಖೆ ಕಟ್ಟಿದ ಕ್ಯಾಂಪ್‌ಗಳ ಆವರಣಗಳನ್ನೂ ನೋಡಬಹುದು. 1905ರವರೆಗೆ ನಿಜಾಮರ ರಾಜ್ಯದಲ್ಲಿ ಜಿಲ್ಲೆಯೊಂದರ ಕೇಂದ್ರವೇ ಆಗಿದ್ದ ಲಿಂಗಸುಗೂರಿನಲ್ಲಿ ಸರ್ಕಾರಕ್ಕೆ ನಿಲ್ಲಲು ಜಾಗವಿಲ್ಲ ಎಂದರೆ ನಂಬುವುದು ಕಷ್ಟ.

ಯಾವ ಜಾಗವೇ ಆಗಲಿ, ಹಳೆಯ ಠಾಣೆಯ ಆವರಣದಲ್ಲೇ ಇದ್ದ ಸಿಬ್ಬಂದಿ ವಸತಿಗೃಹಗಳೂ ಕೆಡವಲ್ಪಟ್ಟರೆ ಆ ಕುಟುಂಬಗಳು ಎಲ್ಲಿಗೆ ಹೋಗಬೇಕೆಂಬುದು ಅದೇ ಆದೇಶದಲ್ಲಿ ಇರಬೇಕು. ಪಾಳಿ ಮುಗಿದವರೂ ದೊಡ್ಡ ಬೆಂಕಿಗೆ ಕರೆದೊಡನೆ ಬರುತ್ತಾರೆ ಎಂಬ ಭರವಸೆಯ ಮೇಲೆಯೇ ಸಣ್ಣ ಠಾಣೆಗಳು ನಡೆಯುವುದು. ಅವರು ಬಾಡಿಗೆ ಕಡಿಮೆಯಿರುವ ಬಡಾವಣೆ ಹುಡುಕಿಕೊಂಡು ಊರ ನಾಲ್ಕು ಮೂಲೆಗೆ ಚದುರಿದರೆ ಆ ಭರವಸೆ ಹೋಗುತ್ತದೆ. ಗಾಂಧಿ ವೃತ್ತದ ದಟ್ಟಣೆಯನ್ನು ದಾಟಿ ಬರುವ ಹೊತ್ತಿಗೆ ವಾಹನ ಹೊರಟುಹೋಗಿರುತ್ತದೆ.

ಈಗ ಮಸ್ಕಿಗೆ ಬರೋಣ. ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ದೊರೆತ ಊರೆಂದು ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದ ಮಸ್ಕಿ, ಆಡಳಿತದ ದೃಷ್ಟಿಯಲ್ಲಿ ಬಹುಕಾಲ ಬೇರೆ ತಾಲ್ಲೂಕುಗಳ ಅಂಚಾಗಿಯೇ ಉಳಿದಿತ್ತು. ಸಿಂಧನೂರು ಅಥವಾ ಲಿಂಗಸುಗೂರಿನ ಠಾಣೆ ಮರುನಿರ್ಮಾಣಗೊಳ್ಳುವ ಅವಧಿಯಲ್ಲಿ ಹೆಚ್ಚುವರಿ ವಾಹನವೊಂದನ್ನು ಮಸ್ಕಿಯಲ್ಲಿ ನಿಲ್ಲಿಸಿದರೆ ಎರಡೂ ಕಡೆಯ ದೂರ ಅರ್ಧವಾಗುತ್ತದೆ. ಇಡೀ ಠಾಣೆಯನ್ನು ಅಲ್ಲಿಗೆ ಒಯ್ಯಿರಿ ಎಂದು ನಾನು ಹೇಳುತ್ತಿಲ್ಲ. ಗಿರಣಿಗಳೂ ಜನಸಂದಣಿಯೂ ಇರುವ ಸಿಂಧನೂರನ್ನು ಬರಿದು ಮಾಡುವುದು ಅವಿವೇಕ. ಮುಖ್ಯ ವಾಹನ ಪಟ್ಟಣದ ಡಿಪೊದಲ್ಲಿ, ಬೇಸಿಗೆಯ ನಾಲ್ಕು ತಿಂಗಳಿಗೆ ಎರವಲು ತಂದ ಇನ್ನೊಂದು ವಾಹನ ಮಸ್ಕಿಯಲ್ಲಿ. ಹೀಗೆ ಮಾಡಿದಾಗ ಯಾವ ಹಳ್ಳಿಯಿಂದ ಎಷ್ಟು ಕರೆ ಬಂತು, ಎಷ್ಟು ನಿಮಿಷಕ್ಕೆ ತಲುಪಲಾಯಿತು ಎಂಬ ದಾಖಲೆ ಕೈಗೆ ಸಿಗುತ್ತದೆ. ಮುಂದೆ ಠಾಣೆಗಳನ್ನು ಎಲ್ಲಿ ಬಲಪಡಿಸಬೇಕೆಂಬುದನ್ನು ಶಾಸಕರ ಪತ್ರಗಳಿಗಿಂತ ಆ ದಾಖಲೆ ಚೆನ್ನಾಗಿ ಹೇಳುತ್ತದೆ.

ಇದೆಲ್ಲ ಹೊರದೇಶಗಳಲ್ಲಿ ಮಾತ್ರ ಸಾಧ್ಯ ಎನ್ನುವವರಿದ್ದಾರೆ. ಅಮೆರಿಕದ ಸಿಯಾಟಲ್ ನಗರದಲ್ಲಿ 2003ರಲ್ಲಿ ಮತದಾರರು ತಮ್ಮ ಮೇಲೆ ತಾವೇ 16.7 ಕೋಟಿ ಡಾಲರುಗಳ ತೆರಿಗೆ ವಿಧಿಸಿಕೊಂಡು ಬಡಾವಣೆಗಳ ಅಗ್ನಿಶಾಮಕ ಠಾಣೆಗಳನ್ನು ಒಂದೊಂದಾಗಿ ನವೀಕರಿಸಿದರು. ಕಾಮಗಾರಿಯ ಅವಧಿಗೆ ಸಮೀಪದಲ್ಲೇ ಡೇರೆಯಂಥ ಶೆಡ್ಡುಗಳಲ್ಲಿ ಮಧ್ಯಂತರ ಠಾಣೆಗಳು ನಡೆದವು. ಅದು ಯೋಜನೆಯ ಭಾಗವೇ ಆಗಿತ್ತು. ಬಿಚ್ಚಿ ಜೋಡಿಸಬಹುದಾದ ಅಂಥ ಎರಡು ಮೂರು ಶೆಡ್ಡುಗಳನ್ನು ನಮ್ಮ ಇಲಾಖೆ ಕಲಬುರಗಿ ವಿಭಾಗಕ್ಕೆಂದೇ ಇಟ್ಟುಕೊಂಡರೆ ಒಂದು ಠಾಣೆ ಮುಗಿದ ಮೇಲೆ ಇನ್ನೊಂದಕ್ಕೆ ಸಾಗಿಸಬಹುದು.

ಅಷ್ಟು ದೂರ ಹೋಗುವುದೂ ಬೇಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಸಿಂಧನೂರಿನ ರೈತರು ನಿದ್ದೆಗೆಟ್ಟು ಕುಳಿತಿದ್ದರು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ವಾರದೊಳಗೆ ನೀರು ನಿಲ್ಲಿಸಲಾಯಿತು. ಅದು ತಾತ್ಕಾಲಿಕ ತಾನೆ, ಹೇಗಾದರೂ ಆಗಲಿ ಎಂದು ಆಗ ಯಾರೂ ಅನ್ನಲಿಲ್ಲ. ಅಳತೆ, ಉಕ್ಕು, ಕ್ರೇನು, ಹಣ ಎಲ್ಲವೂ ಒದಗಿದವು. ಕಣ್ಣಿಗೆ ಕಾಣುವ ಅಪಾಯಕ್ಕೆ ನಮ್ಮ ಸರ್ಕಾರ ಚೆನ್ನಾಗಿ ಸ್ಪಂದಿಸುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಮುಂದಿನ ಏಪ್ರಿಲ್‌ನಲ್ಲಿ ಸುಡಬಹುದಾದ ಬಣವೆ ಈ ಜನವರಿಯ ಸಭೆಯಲ್ಲಿ ಯಾರ ಕಣ್ಣಿಗೂ ಕಾಣುವುದಿಲ್ಲ ಎಂಬುದೇ ತೊಡಕು.

ಆದ್ದರಿಂದ ಈ ನಿರ್ಧಾರವನ್ನು ಠಾಣಾಧಿಕಾರಿಯ ಅರ್ಜಿಗಳಿಗೆ ಬಿಡದೆ, 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರದ ಮೇಜಿಗೆ ತರಬೇಕು. ನಾಲ್ಕೂ ಇಲಾಖೆಗಳು ಒಟ್ಟಿಗೆ ಕೂರುವ ಜಾಗ ಅದೊಂದೇ. ಸರ್ಕಾರಿ ಜಮೀನನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸುವ ಅಧಿಕಾರ ಭೂಕಂದಾಯ ಕಾಯ್ದೆಯ 71ನೇ ಕಲಮಿನಲ್ಲಿ ಹೇಗೂ ಇದೆ. ನೆಲ ಗಟ್ಟಿಮಾಡುವ, ನೀರಿನ, ಶೆಡ್ಡಿನ, ಬಾಡಿಗೆಯ ಮತ್ತು ಸಿಬ್ಬಂದಿ ಮನೆಬಾಡಿಗೆಯ ವೆಚ್ಚವನ್ನು ಕಟ್ಟಡದ ಅಂದಾಜುಪಟ್ಟಿಯ ಮೊದಲ ಬಾಬ್ತಾಗಿ ಸೇರಿಸಬೇಕು. ಅದಕ್ಕೆ ಮಂಜೂರಾತಿ ಇಲ್ಲವೆಂದರೆ ಕಟ್ಟಡಕ್ಕೂ ಮಂಜೂರಾತಿ ಇಲ್ಲ.

ಕೆಡವುವ ಆದೇಶಕ್ಕೆ ಸಹಿ ಹಾಕುವ ಮುನ್ನ ಇನ್ನೊಂದು ಕೆಲಸ ಉಳಿಯುತ್ತದೆ. ಹಳೆಯ ಠಾಣೆ ನಿಂತಿರುವಾಗಲೇ ಎರಡು ವಾರ ವಾಹನವೂ ಸಿಬ್ಬಂದಿಯೂ ತಾತ್ಕಾಲಿಕ ಜಾಗದಲ್ಲಿ ಕೆಲಸ ಮಾಡಬೇಕು. ಒಂದು ಮಳೆಯ ರಾತ್ರಿ, ಮುನ್ಸೂಚನೆಯಿಲ್ಲದೆ, 112ರ ಮೂಲಕ ದೂರದ ಹಳ್ಳಿಯೊಂದರಿಂದ ಕರೆ ಮಾಡಿಸಬೇಕು. ವಾಹನ ಎಷ್ಟು ನಿಮಿಷಕ್ಕೆ ಗೇಟು ದಾಟಿತು, ಎಷ್ಟು ನಿಮಿಷಕ್ಕೆ ಹಳ್ಳಿ ಮುಟ್ಟಿತು, ಮರಳಿ ತೊಟ್ಟಿ ತುಂಬಿಕೊಳ್ಳಲು ಎಷ್ಟು ಹೊತ್ತಾಯಿತು ಎಂಬುದನ್ನು ತಹಶೀಲ್ದಾರರು ಗಡಿಯಾರ ಹಿಡಿದು ಬರೆದುಕೊಂಡು, ಆ ಹಾಳೆಯನ್ನು ಜಿಲ್ಲಾಧಿಕಾರಿಯ ಕಡತದಲ್ಲಿ ಟೆಂಡರ್ ಕಾಗದಗಳ ಮೇಲಿಡಬೇಕು.